ತುಟಿ ಚುರುಗುಟ್ಟಿದ ರಾತ್ರೀನೇ ಮಾತ್ರೆ

ಹೋದ ತಿಂಗಳು ತಂಗಿ ಮಗೂನ ತೊಟ್ಟಿಲಿಗೆ ಹಾಕೋ ಶಾಸ್ತ್ರ ಅಂತ ದಾವಣಗೆರೆಗೆ ಹೊರಟಿದ್ದೆ. ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ಸು ಹತ್ತಿ ತುಮಕೂರು ದಾಟೋ ಹೊತ್ತಿಗೆ ಕೆಳತುಟಿ ಎಡಗಡೆ ಮೂಲೇಲಿ ಅದೇ ಹಳೇ ಚುರುಚುರು ಶುರುವಾಯ್ತು, ಹಸಿಮೆಣಸಿನಕಾಯಿ ಹೆಚ್ಚಿದ ಕೈ ತಾಗಿದಂಗೆ. ಮೊಬೈಲ್ ಕ್ಯಾಮೆರಾದಲ್ಲಿ ನೋಡ್ಕೊಂಡ್ರೆ ಏನೂ ಇಲ್ಲ. ಆದ್ರೆ ಹದಿನೈದು ವರ್ಷದಿಂದ ಇದರ ಜೊತೆ ಏಗ್ತಿರೋಳು ನಾನು, ಬೆಳಗಾಗೋದ್ರೊಳಗೆ ಅಲ್ಲಿ ಬೇಯಿಸಿದ ಸಾಬಕ್ಕಿ ಅಂಟಿಸಿದಂಗೆ ಗುಳ್ಳೆ ಗೊಂಚಲು ಎದ್ದಿರತ್ತೆ ಅಂತ ಗೊತ್ತು.

ಇದು ಹರ್ಪಿಸ್ ಅನ್ನೋ ವೈರಸ್ಸಿನ ಕಾಟ, ಈ ಸಲ ಬ್ಯಾಗಲ್ಲಿ ಅದನ್ನ ತಡೆಯೋ ವ್ಯಾಲಸೈಕ್ಲೋವಿರ್ ಮಾತ್ರೆ ಇತ್ತು. 1 ಗ್ರಾಂ ಮಾತ್ರೆ ಎರಡು ಅಲ್ಲೇ ಬಸ್ಸಲ್ಲೇ ನುಂಗಿದೆ, 12 ಗಂಟೆ ಬಿಟ್ಟು ಇನ್ನೆರಡು, ಅಲ್ಲಿಗೆ ಮುಗೀತು ಕೋರ್ಸು. ಚರ್ಮದ ಡಾಕ್ಟ್ರು ಮೊದ್ಲೇ ಬರೆದುಕೊಟ್ಟು "ಶುರುವಾದ ಮೇಲೆ ನನ್ನ ಹತ್ರ ಬರಬೇಡಿ, ಶುರುವಾಗ್ತಿದ್ದಂಗೆ ತಗೊಳಿ" ಅಂದಿದ್ರು. (ಕಿಡ್ನಿ ತೊಂದ್ರೆ ಇರೋರಿಗೆ ಡೋಸ್ ಕಮ್ಮಿ ಮಾಡ್ಬೇಕಾಗತ್ತೆ, ಅದಕ್ಕೆ ನನ್ನ ಲೆಕ್ಕ ನೋಡಿ ನೀವು ನುಂಗಬೇಡಿ ಮತ್ತೆ.)

ಇದಕ್ಕೆ ಮುಂಚೆ ನಾನು ಮಾಡಿರೋ ಘನಂದಾರಿ ಕೆಲಸಗಳು ಒಂದೆರಡಲ್ಲ. ಅಜ್ಜಿ ಇದ್ದಾಗ "ಜೇಡ ಉಚ್ಚೆ ಹೊಯ್ದಿರ್ಬೇಕು ಕಣೇ" ಅಂತ ಸುಣ್ಣ ಹಚ್ಚೋರು, ಉರಿಗೆ ಕಣ್ಣಲ್ಲಿ ನೀರು. ಹಾಸ್ಟೆಲ್‌ನಲ್ಲಿ ಟೂತ್‌ಪೇಸ್ಟ್. ನನ್ನ ನಿಶ್ಚಿತಾರ್ಥಕ್ಕೆ ಎರಡು ದಿನ ಇದ್ದಾಗ ಮನೆ ಹತ್ರದ ಮೆಡಿಕಲ್‌ನೋನು ಎಲ್ಲಾದಕ್ಕೂ ಕೊಡೋ ಆ ಸ್ಟೀರಾಯ್ಡ್ ಟ್ಯೂಬು ಕೊಟ್ಟ, ನಾನೂ ಹಚ್ಚಿದೆ, ಗುಳ್ಳೆ ಗಲ್ಲದ ತನಕ ಇಳೀತು. ಆಲ್ಬಮ್‌ನಲ್ಲಿ ನಾನು ಒಂದೇ ಕಡೆ ಮುಖ ತಿರುಗಿಸಿ ನಿಂತಿರೋದು ಅದಕ್ಕೇ, ನಾಚಿಕೆ ಅಲ್ಲ!

ಯಾಕೆ ಇಷ್ಟು ಅವಸರ ಅಂದ್ರೆ, ಈ ಹರ್ಪಿಸ್ ವೈರಸ್ಸು ಒಂದ್ಸಲ ಬಂದ್ರೆ ಹೋಗಲ್ಲ, ಮುಖದ ನರದ ಗಂಟೊಂದರಲ್ಲಿ ತೆಪ್ಪಗೆ ಮಲಗಿರತ್ತೆ. ಜ್ವರ, ಬಿಸಿಲು, ನಿದ್ದೆಗೆಡೋದು, ಮುಟ್ಟಿನ ದಿನ ಇಂಥದ್ದಕ್ಕೆ ಎದ್ದು ನರದ ದಾರೀಲೇ ತುಟಿಗೆ ಬಂದು ತನ್ನ ಕಾಪಿ ತಾನೇ ಹೊಡ್ಕೊಳಕ್ಕೆ ಶುರು ಮಾಡತ್ತೆ. ಮಾತ್ರೆ ಹೊಟ್ಟೆಗೆ ಹೋಗಿ ಅಸೈಕ್ಲೋವಿರ್ ಆಗತ್ತೆ, ಆದ್ರೆ ಅದಕ್ಕೆ ಚಾಲೂ ಕೊಡೋದು ವೈರಸ್ಸಿನದೇ ಒಂದು ಕಿಣ್ವ, ಅಂದ್ರೆ ಕಳ್ಳನ ಕೈಲೇ ಬೀಗ ಹಾಕಿಸಿದಂಗೆ. ಆಮೇಲೆ ಅದು ಹೊಸ ಡಿಎನ್‌ಎ ಎಳೆಯೊಳಗೆ ಸೇರ್ಕೊಂಡು ಎಳೆ ಮುಂದಕ್ಕೆ ಬೆಳೀದಂಗೆ ಮಾಡತ್ತೆ. 1988ರಲ್ಲಿ ನೊಬೆಲ್ ಹಂಚ್ಕೊಂಡ ಗರ್ಟ್ರೂಡ್ ಎಲಿಯನ್ ಅವರ ತಂಡದ ಕೆಲಸದಿಂದ ಬಂದ ಔಷಧಿ ಇದು, ಆಯಮ್ಮಂಗೆ ಪಿಎಚ್‌ಡಿ ಮುಗಿಸಕ್ಕೂ ಆಗಿರ್ಲಿಲ್ಲ. ಕಾಪಿ ಹೊಡೆಯೋ ಕೆಲಸ ಜೋರಾಗಿರೋದು ಮೊದಲ ಒಂದೆರಡು ದಿನ. ಗುಳ್ಳೆ ಒಡೆದು ಹಕ್ಕಳೆ ಕಟ್ಟಿದ ಮೇಲೆ ಮಾತ್ರೆ ತಗೊಂಡ್ರೆ ಅದಕ್ಕೆ ತಡೆಯೋಕೆ ಅಲ್ಲಿ ಹೆಚ್ಚೇನೂ ಉಳಿದಿರಲ್ಲ.

ಹಂಗಂತ ಪವಾಡ ಏನಿಲ್ಲ, ಸರಾಸರಿ ಒಂದು ದಿನ ಬೇಗ ವಾಸಿಯಾಗತ್ತೆ ಅಷ್ಟೇ ಅಂತ ಡಾಕ್ಟ್ರೇ ಹೇಳಿದಾರೆ. ನಂಗೆ ಈ ಸಲ ಒಂದೇ ಒಂದು ಸಣ್ಣ ಗುಳ್ಳೆ ಎದ್ದು ನಾಕನೇ ದಿನಕ್ಕೆ ಒಣಗಿತು, ಮಾಮೂಲಿ ಹತ್ತು ದಿನ ತಿಂತಿತ್ತು. ಅದೃಷ್ಟನೂ ಇದ್ದಿರಬಹುದು ಬಿಡಿ.

ಮನೇಲಿ ಹರ್ಪಿಸ್ ಅಂದಿದ್ದಕ್ಕೆ ಚಿಕ್ಕಮ್ಮನ ಮುಖ ನೋಡ್ಬೇಕಿತ್ತು. 50 ವರ್ಷದೊಳಗಿನ ಸುಮಾರು 380 ಕೋಟಿ ಜನಕ್ಕೆ ಟೈಪ್ 1, ಅಂದ್ರೆ ಹೆಚ್ಚಾಗಿ ತುಟಿಗೆ ಬರೋ ಹರ್ಪಿಸ್, ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ, ಬಹಳಷ್ಟು ಜನಕ್ಕೆ ಚಿಕ್ಕವರಿದ್ದಾಗಲೇ ಅಂಟಿರತ್ತೆ ಅಂದೆ, ನಂಬಲಿಲ್ಲ.

ಆದ್ರೆ ಮಗು ವಿಷಯದಲ್ಲಿ ಮಾತ್ರ ನಾನೇ ಹಠ ಮಾಡ್ದೆ. ಎಳೇ ಕೂಸಿಗೆ ಇದು ಅಂಟಿದ್ರೆ ಜೀವಕ್ಕೇ ಕುತ್ತು, ಮಾತ್ರೆ ತಗೊಂಡಿದೀನಿ ಅಂತ ಅಂಟದೇ ಇರಲ್ಲ. ಅಮ್ಮ "ದೊಡ್ಡಮ್ಮ ಆಗಿ ಒಂದು ಮುತ್ತೂ ಕೊಡಲ್ವೇನೇ, ಎತ್ಕೊಳೇ" ಅಂತ ಎಲ್ಲರ ಮುಂದೆ ಅಂದ್ರೂ ಮಾಸ್ಕ್ ಹಾಕ್ಕೊಂಡು ತೊಟ್ಟಿಲಿಂದ ದೂರಾನೇ ನಿಂತಿದ್ದೆ. ತಂಗಿ ಮಾತ್ರ ಸುಮ್ನೆ ಒಂದು ಕಾಲುಚೀಲ ಬಿಚ್ಚಿ, ಆ ಪುಟ್ಟ ಪಾದದ ಫೋಟೋ ತೆಗೆದು ವಾಟ್ಸಾಪ್‌ಗೆ ಕಳಿಸಿದ್ಲು, ಅದೇ ರೂಮಿಂದ.