ಮನೆ ಹೊಸೂರಲ್ಲಿ, ಕೆಲಸ ಎಲ್ಲಿ?

ಬೆಂಗಳೂರಲ್ಲಿ ನರ್ಸ್‌ಗಳಿಗೆ ಕೆಲಸಕ್ಕೇನೂ ಬರವಿಲ್ಲ, ಸಂಬಳ ಬಾಡಿಗೆಗೇ ಹೋಗುತ್ತೆ ಅಷ್ಟೇ. ಅದಕ್ಕೇ ಅತ್ತಿಬೆಲೆ ದಾಟಿ ಹೊಸೂರಿಗೆ ಹೋಗೋಣ, ಅಲ್ಲೇ ಆಸ್ಪತ್ರೆ ಸೇರೋಣ ಅಂತ ಯೋಚನೆ. ಆದರೆ ರಾಜ್ಯ ಬದಲಾದರೆ ರಿಜಿಸ್ಟ್ರೇಷನ್ನೂ ಬದಲಾಗಬೇಕು. ಇಲ್ಲಿನ ನರ್ಸಿಂಗ್ ಕೌನ್ಸಿಲ್‌ನಿಂದ ಎನ್‌ಒಸಿ ತಗೊಂಡು ತಮಿಳುನಾಡು ಕೌನ್ಸಿಲ್‌ನಲ್ಲಿ ಹೆಸರು ಸೇರಿಸಬೇಕು.

ಹೊಸೂರಲ್ಲಿ ಕನ್ನಡ, ತೆಲುಗು ಎರಡೂ ನಡೆಯುತ್ತೆ ನಿಜ, ಆದರೆ ನೈಟ್ ಡ್ಯೂಟಿಯಲ್ಲಿ ಅಜ್ಜಿಯೊಬ್ಬರು ಎದೆ ಹಿಡಿದುಕೊಂಡು ತಮಿಳಲ್ಲಿ ಏನೋ ಹೇಳಿದರೆ ಅದು ಉರಿಯಾ, ನೋವಾ ಅಂತ ತಕ್ಷಣ ತಿಳಿಯಬೇಕಲ್ವಾ?

ಕೇರಳ? 2018ರಲ್ಲೇ ಅಲ್ಲಿ ಖಾಸಗಿ ಆಸ್ಪತ್ರೆ ನರ್ಸ್‌ಗಳಿಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಸಂಬಳ ನಿಗದಿ ಮಾಡಿದರು. ಆದರೂ ಇಲ್ಲಿ ನಮ್ಮ ವಾರ್ಡಲ್ಲಿ ಅರ್ಧ ಜನ ನರ್ಸ್‌ಗಳು ಮಲಯಾಳಿಗಳೇ!

ಸದ್ಯಕ್ಕೆ ನನ್ನ ಓಟು ಹೊಸೂರು ಮನೆ, ಗಡಿಯ ಈಚೆ ಕರ್ನಾಟಕದಲ್ಲೇ ಇರೋ ಬೊಮ್ಮಸಂದ್ರದ ಕಡೆ ಕೆಲಸಕ್ಕೆ. ನೈಟ್ ಮುಗಿಸಿ ಬರುವಾಗ ಟ್ರಾಫಿಕ್ ಎಲ್ಲ ಎದುರಿನ ರಸ್ತೆಯಲ್ಲಿರುತ್ತೆ.