ಸೀರೆ ಮಳಿಗೆಯ ಸಂದರ್ಶನಕ್ಕೆ ಹೋಗುವ ಮೊದಲು

ಸೀರೆ ಮಳಿಗೆಯಲ್ಲಿ ಮಾರಾಟದ ಕೆಲಸ ಕೇಳಿಕೊಂಡು ಬರುವವರನ್ನು ಸಂದರ್ಶಿಸುವ ಹೊಣೆ ಹಲವು ವರ್ಷಗಳಿಂದ ನನ್ನ ಪಾಲಿಗಿದೆ. ಬರುವವರಲ್ಲಿ ಹೆಚ್ಚಿನವರು ತಮ್ಮ ಪರಿಚಯವನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿರುತ್ತಾರೆ. ಆದರೆ ಒಂದು ಸೀರೆಯನ್ನು ಕೈಗಿತ್ತು ಇದರ ಬಗ್ಗೆ ಹೇಳಿ ಎಂದಾಗ ಅವರ ಮಾತು ನಿಂತುಹೋಗುತ್ತದೆ. ತಯಾರಿಯ ಸಮಯದ ಮುಕ್ಕಾಲು ಪಾಲನ್ನು ಮಾಲನ್ನು ತಿಳಿಯುವುದಕ್ಕೂ ಗಿರಾಕಿಯ ನಡವಳಿಕೆಯನ್ನು ಗಮನಿಸುವುದಕ್ಕೂ ಇಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಸಂದರ್ಶನಕ್ಕೆ ಮುನ್ನ ಆ ಮಳಿಗೆಗೆ ಗಿರಾಕಿಯಾಗಿ ಒಮ್ಮೆ ಹೋಗಿಬನ್ನಿ. ಬಾಗಿಲ ಬಳಿ ಯಾವ ದರದ ಸೀರೆಗಳನ್ನು ಇಟ್ಟಿದ್ದಾರೆ, ಮದುವೆ ಸೀರೆಗಳು ಯಾವ ಮಹಡಿಯಲ್ಲಿವೆ, ಚೌಕಾಸಿಗೆ ಅವಕಾಶವಿದೆಯೇ ಅಥವಾ ಒಂದೇ ದರವೇ ಎಂಬುದನ್ನು ನೋಡಿಕೊಂಡು ಬಂದವರ ಉತ್ತರಗಳಿಗೆ ಬೇರೆಯೇ ತೂಕವಿರುತ್ತದೆ.

ಮಾಲಿನ ವಿಷಯದಲ್ಲಿ ನೇಕಾರರಷ್ಟು ಜ್ಞಾನವನ್ನು ಯಾರೂ ನಿರೀಕ್ಷಿಸುವುದಿಲ್ಲ. ಆದರೆ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಕೊಂಡಿ ಹಾಕಿ ಸೇರಿಸುತ್ತಾರೆ ಎಂಬುದು, ಮೈಸೂರು ರೇಷ್ಮೆಯ ಕಾರ್ಖಾನೆ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾಯಿತು ಎಂಬುದು, ಮೊಳಕಾಲ್ಮೂರಿನಲ್ಲೂ ರೇಷ್ಮೆ ಸೀರೆ ನೇಯುತ್ತಾರೆ ಎಂಬುದು ಕನ್ನಡ ನಾಡಿನಲ್ಲಿ ಸೀರೆ ಮಾರಲು ಹೊರಟವರಿಗೆ ತಿಳಿದಿರಬೇಕು. ಎಳೆಯೊಂದನ್ನು ಸುಟ್ಟಾಗ ಅಸಲಿ ರೇಷ್ಮೆ ಕೂದಲು ಸುಟ್ಟ ವಾಸನೆ ಬೀರಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಗಿರಾಕಿಯ ಎದುರಿಗೆ ಯಾರೂ ಸೀರೆ ಸುಡುವುದಿಲ್ಲವಾದ್ದರಿಂದ ಸಿಲ್ಕ್ ಮಾರ್ಕ್ ಚೀಟಿಯ ಬಗ್ಗೆಯೂ ತಿಳಿದಿರಿ. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಆರಂಭವಾದ ಈ ಗುರುತು ರೇಷ್ಮೆ ಶುದ್ಧವೆಂದು ಹೇಳುತ್ತದೆಯೇ ಹೊರತು ಜರಿಯ ಬಗ್ಗೆ ಭರವಸೆ ಕೊಡುವುದಿಲ್ಲ. ಈ ವ್ಯತ್ಯಾಸವನ್ನು ತಾವಾಗಿಯೇ ಹೇಳಿದ ಅಭ್ಯರ್ಥಿಯನ್ನು ನಾನಂತೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಸಂದರ್ಶನದ ನಿಜವಾದ ಪರೀಕ್ಷೆ ನಡೆಯುವುದು “ನಾನೇ ಗಿರಾಕಿ ಎಂದುಕೊಳ್ಳಿ, ನನಗೊಂದು ಸೀರೆ ತೋರಿಸಿ” ಎಂದಾಗ. ಬಹುಪಾಲು ಜನ ತಕ್ಷಣ ಸೀರೆಯ ಗುಣಗಾನಕ್ಕೆ ಇಳಿಯುತ್ತಾರೆ. ಯಾರಿಗೆ, ಯಾವ ಸಂದರ್ಭಕ್ಕೆ ಎಂದು ಮೊದಲು ಕೇಳುವವರು ವಿರಳ. ಬಜೆಟ್ ಎಷ್ಟೆಂದು ನೇರವಾಗಿ ಕೇಳಿದರೆ ಕೆಲವರಿಗೆ ಮುಜುಗರವಾಗುತ್ತದೆ. ಎರಡು ಸಾವಿರದ್ದೊಂದು, ಐದು ಸಾವಿರದ್ದೊಂದು ಸೀರೆ ಹರಡಿ, ಕೈ ಯಾವುದರತ್ತ ಮರಳಿ ಹೋಗುತ್ತದೆಂದು ನೋಡಿದರೆ ಉತ್ತರ ತಾನಾಗಿ ಸಿಗುತ್ತದೆ. ಜೊತೆಗೆ ಬಂದ ಅತ್ತೆಯೋ ಅಕ್ಕನೋ ಸುಮ್ಮನೆ ಕುಳಿತಿದ್ದರೂ ಕೊನೆಯ ಮಾತು ಹಲವು ಬಾರಿ ಅವರದೇ ಆಗಿರುವುದರಿಂದ ಸೆರಗನ್ನು ಅವರ ಕಡೆಗೂ ತಿರುಗಿಸಿ ತೋರಿಸಬೇಕು. ಆಮೇಲೆ ನಾವು ಬೇಕೆಂದೇ “ಪಕ್ಕದ ಅಂಗಡಿಯಲ್ಲಿ ಇದೇ ಸೀರೆ ಇನ್ನೂರು ಕಡಿಮೆಗೆ ಕೊಡುತ್ತಾರಲ್ಲ” ಎನ್ನುತ್ತೇವೆ. ಪಕ್ಕದವರನ್ನು ಹಳಿಯುವ ಉತ್ತರ ನಮಗೆ ಬೇಕಿಲ್ಲ. ಜರಿ, ನೇಯ್ಗೆ, ರವಿಕೆ ಕಣದ ಅಳತೆ ಇವುಗಳಲ್ಲಿ ವ್ಯತ್ಯಾಸವಿದ್ದರೆ ತೋರಿಸಿ, ಇಲ್ಲವಾದರೆ ರಿಯಾಯಿತಿಯ ಬಗ್ಗೆ ಮ್ಯಾನೇಜರರನ್ನು ಕೇಳಿಬರುತ್ತೇನೆ ಎಂದರೆ ಸಾಕು. ಈ ಸಂಭಾಷಣೆಯನ್ನು ಮನೆಯಲ್ಲಿ ಅಕ್ಕನನ್ನೋ ಗೆಳತಿಯನ್ನೋ ಎದುರಿಗೆ ಕೂರಿಸಿಕೊಂಡು, ಕೈಯಲ್ಲಿ ನಿಜವಾದ ಸೀರೆ ಹಿಡಿದು ಅಭ್ಯಾಸ ಮಾಡಿ. ಬಿಡಿಸುತ್ತಾ, ಮಡಚುತ್ತಾ ಮಾತಾಡುವುದು ಕನ್ನಡಿಯ ಮುಂದೆ ಕಲಿಯುವ ವಿದ್ಯೆಯಲ್ಲ.

ಲೆಕ್ಕದಲ್ಲೂ ಒಂದು ಪ್ರಶ್ನೆ ಬರುತ್ತದೆ. ನಾಲ್ಕು ಸಾವಿರದ ಸೀರೆಗೆ 20 ಶೇಕಡಾ ರಿಯಾಯಿತಿ, ಅದರ ಮೇಲೆ ಮತ್ತೆ 10 ಶೇಕಡಾ ಎಂದರೆ ಬೆಲೆ 2,880 ರೂಪಾಯಿ. 2,800 ಎಂದವರು ಎರಡನ್ನೂ ಕೂಡಿಸಿ 30 ಶೇಕಡಾ ಮಾಡಿಕೊಂಡಿರುತ್ತಾರೆ. ದೋಷವಿರುವ ಸೀರೆ ವಾಪಸು ಬಂದರೆ ಏನು ಹೇಳುತ್ತೀರಿ ಎಂದೂ ಕೇಳಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಆದ್ದರಿಂದ “ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ” ಎಂಬ ಗೋಡೆಯ ಫಲಕವನ್ನು ಉತ್ತರವಾಗಿ ಒಪ್ಪಿಸಬೇಡಿ.

ಹಬ್ಬದ ರಜೆಯ ಬಗ್ಗೆ ಪ್ರಾಮಾಣಿಕವಾಗಿರಿ. ವರಮಹಾಲಕ್ಷ್ಮಿ, ದೀಪಾವಳಿಗಳ ಹಿಂದಿನ ವಾರವೇ ನಮಗೆ ಸುಗ್ಗಿ. ಆಗ ಬರಲಾಗದವರು ಅದನ್ನು ಮೊದಲೇ ಹೇಳುವುದು ಇಬ್ಬರಿಗೂ ಒಳ್ಳೆಯದು.

ಕೇಳುವ ಹಕ್ಕು ನಿಮಗೂ ಇದೆ. ತಿಂಗಳ ಸಂಬಳವೆಷ್ಟು, ಟಾರ್ಗೆಟ್ ಮುಟ್ಟಿದರೆ ಸಿಗುವ ಇನ್ಸೆಂಟಿವ್ ಎಷ್ಟು ಎಂಬುದನ್ನು ಬೇರೆಬೇರೆಯಾಗಿ ಕೇಳಿ. ಎರಡನ್ನೂ ಸೇರಿಸಿ ದೊಡ್ಡ ಮೊತ್ತ ಹೇಳುವ ಅಂಗಡಿಗಳಿವೆ. ವಾರದ ರಜೆ ಯಾವ ದಿನ, ಪಿಎಫ್ (ಭವಿಷ್ಯ ನಿಧಿ) ಮತ್ತು ಇಎಸ್ಐ (ನೌಕರರ ಆರೋಗ್ಯ ವಿಮೆ) ಇವೆಯೇ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕೂರಲು ಸ್ಟೂಲ್ ಇದೆಯೇ ಎಂದು ಕೇಳಲು ಹಿಂಜರಿಯಬೇಡಿ. ಕೂರುವ ಸೌಲಭ್ಯವನ್ನು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನಿನಲ್ಲೇ ಸೇರಿಸಿದವು; ದಿನವಿಡೀ ನಿಂತು ಕಾಲು ಬಾತವರಿಗೆ ಅದರ ಬೆಲೆ ಗೊತ್ತು. ಅಂಕಪಟ್ಟಿಯ ಅಸಲು ಪ್ರತಿಯನ್ನು ತೋರಿಸಿ, ನಕಲನ್ನಷ್ಟೇ ಕೊಡಿ. ಅಸಲನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತೇವೆ ಎನ್ನುವ ಕಡೆ, ಸಂಬಳ ಎಷ್ಟೇ ಹೇಳಿದರೂ, ಸೇರಬೇಡಿ.