ನಾನು ರಾಜಕುಮಾರಿ ಎನ್ನುವುದಕ್ಕೆ ಮೂರು ಸಾಕ್ಷಿ

ಹದಿಮೂರನೇ ವಯಸ್ಸಿನಲ್ಲಿ ನಾನು ರಾಜಕುಮಾರಿ ಎಂದು ನನಗೆ ಖಾತ್ರಿಯಾಗಿತ್ತು. ಸುಮ್ನೆ ಅಲ್ಲ, ಸಾಕ್ಷಿ ಇತ್ತು.

ನನ್ನ ಎಡ ಹಿಮ್ಮಡಿಯ ಮೇಲೆ ಒಂದು ಮಚ್ಚೆ ಇದೆ. ಕಣ್ಣು ಕಿರಿದು ಮಾಡಿ ನೋಡಿದರೆ ಕಿರೀಟದ ಹಾಗೆ ಕಾಣುತ್ತದೆ. ಸರಿಯಾಗಿ ಕಣ್ಣು ಬಿಟ್ಟು ನೋಡಿದರೆ ಹಲ್ಲಿಯ ಹಾಗೆ. ಅದಕ್ಕೇ ನಾನು ಯಾವಾಗಲೂ ಕಣ್ಣು ಕಿರಿದು ಮಾಡಿಯೇ ನೋಡುತ್ತಿದ್ದೆ. ಆಮೇಲೆ ಕಿವಿ. ಮನೆಯಲ್ಲಿ ಯಾರ ಕಿವಿಯೂ ನನ್ನ ಕಿವಿಯ ಹಾಗಿಲ್ಲ. ಇವೆರಡನ್ನೂ ಬೇಕಾದರೆ ಬಿಟ್ಟುಬಿಡಿ, ಮೂರನೆಯದು ಗಟ್ಟಿ ಸಾಕ್ಷಿ. ನಮ್ಮ ಮನೆಯ ಆಲ್ಬಮ್ಮಿನಲ್ಲಿ ನಾನು ಹುಟ್ಟಿದಾಗಿನಿಂದ ಆರು ತಿಂಗಳಾಗುವ ತನಕ ನನ್ನದೊಂದು ಫೋಟೊ ಇಲ್ಲ. ತಮ್ಮನದು ಹುಟ್ಟಿದ ಮಾರನೇ ದಿನದ್ದೇ ಇದೆ, ಮುಖ ಕೆಂಪಗೆ, ಮುಷ್ಟಿ ಬಿಗಿ. ನಾನು ಮಾತ್ರ ಆರು ತಿಂಗಳ ಕೂಸಾಗಿ ಒಮ್ಮೆಲೇ ಪ್ರತ್ಯಕ್ಷ. ಅಲ್ಲಿಯವರೆಗೆ ಎಲ್ಲಿದ್ದೆ? ಯಾರು ತಂದುಕೊಟ್ಟರು?

ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ರಾಜಮುದ್ರೆಯ ಸಹಿ ಅಭ್ಯಾಸ ಮಾಡುತ್ತಿದ್ದೆ. ಗುಟ್ಟನ್ನು ತಮ್ಮನಿಗೊಬ್ಬನಿಗೇ ಹೇಳಿದ್ದು. ಅವನು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಾಗಾದ್ರೆ ನೀನು ಹೋದ ಮೇಲೆ ಈ ರೂಮು ನನಗೊಬ್ಬನಿಗೇನಾ?" ಎಂದು ಕೇಳಿದ. ಇಬ್ಬರಿಗೂ ಒಂದೇ ರೂಮು. ಬಾಗಿಲಿಗೆ ಚಿಲಕ ಇರಲಿಲ್ಲ. ಅದು ಎಷ್ಟು ದೊಡ್ಡ ಸಂಕಟ ಅಂತ ಹದಿಮೂರು ದಾಟಿದ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ.

ಈಗ ನನ್ನ ಮಗಳಿಗೆ ಹದಿಮೂರು. ಮೊನ್ನೆ ಕೇಳಿದಳು, "ಏನೂ ಗೊತ್ತಿಲ್ಲದ ಹುಡುಗಿಗೆ ಒಂದು ದಿನ ತಾನು ರಾಜಮನೆತನದವಳು ಅಂತ ಗೊತ್ತಾಗುತ್ತಲ್ಲ, ಅದು ಕಥೇಲಿ ಮಾತ್ರಾನಾ? ನಿಜವಾಗಿ ಯಾರಿಗಾದ್ರೂ ಆಗಿದ್ಯಾ?"

ಆಗಿದೆ ಮಗಳೇ. ನಿಮ್ಮಮ್ಮ ಅದನ್ನೆಲ್ಲ ಓದಿ ಇಟ್ಟುಕೊಂಡಿದ್ದಾಳೆ. ಹಳೇ ಕಾಯಿಲೆ.

ಮೊದಲು ಡೆಲ್ಫೀನ್ ಬೊಯೆಲ್ ಕಥೆ ಹೇಳಿದೆ. 1968ರಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿದವರು. ಹದಿನೇಳನೇ ವಯಸ್ಸಿನಲ್ಲಿ ತಾಯಿ ಕೂರಿಸಿಕೊಂಡು ನಿಜ ಹೇಳಿದರು. ನಿನ್ನ ಅಪ್ಪ ನೀನು ಅಂದುಕೊಂಡವರಲ್ಲ, ರಾಜಕುಮಾರ ಆಲ್ಬರ್ಟ್ ಎಂದು. ಈ ಆಲ್ಬರ್ಟ್ 1993ರಲ್ಲಿ ಬೆಲ್ಜಿಯಂನ ರಾಜರಾದರು.

ನೋಡಿ, ನನ್ನ ಹಗಲುಗನಸಿನಲ್ಲಿ ಇದರ ಮುಂದಿನ ದೃಶ್ಯ ಸಾರೋಟು. ಡೆಲ್ಫೀನ್ ವಿಷಯದಲ್ಲಿ ಮುಂದಿನ ದೃಶ್ಯ ಮೌನ. ಅದೂ ವರ್ಷಗಟ್ಟಲೆ. 1999ರಲ್ಲಿ ರಾಣಿಯ ಜೀವನಚರಿತ್ರೆಯೊಂದರಲ್ಲಿ ರಾಜರಿಗೆ ಇನ್ನೊಬ್ಬ ಮಗಳಿದ್ದಾಳೆ ಎಂಬ ಸುಳಿವು ಬಂತು, ಪತ್ರಿಕೆಯವರು ಹುಡುಕಿಕೊಂಡು ಹೋದರು, ಊರಿಗೆಲ್ಲ ಗೊತ್ತಾಯಿತು. ರಾಜರು ಮಾತ್ರ ಒಪ್ಪಲಿಲ್ಲ. ಪಟ್ಟದಲ್ಲಿ ಇರುವ ತನಕ ರಾಜರನ್ನು ಕೋರ್ಟಿಗೆ ಎಳೆಯುವಂತಿಲ್ಲ. 2013ರಲ್ಲಿ ಆಲ್ಬರ್ಟ್ ಮಗನಿಗೆ ಪಟ್ಟ ಬಿಟ್ಟುಕೊಟ್ಟರು, ಡೆಲ್ಫೀನ್ ಕೇಸು ಹಾಕಿದರು. ಡಿಎನ್‌ಎ ಪರೀಕ್ಷೆಗೆ ಎಂಜಲು ಕೊಡಿ ಎಂದರೆ ಅದಕ್ಕೂ ಇಲ್ಲ. ಕೊನೆಗೆ 2019ರಲ್ಲಿ ಕೋರ್ಟು, ಕೊಡದಿದ್ದರೆ ದಿನಕ್ಕೆ 5000 ಯೂರೊ ದಂಡ ಎಂದಿತು. ಆಗ ಕೊಟ್ಟರು. 2020ರ ಜನವರಿಯಲ್ಲಿ ಒಪ್ಪಿಕೊಂಡರು. ಅದೇ ವರ್ಷ ಅಕ್ಟೋಬರ್ 1ಕ್ಕೆ ಬ್ರಸೆಲ್ಸ್‌ನ ಕೋರ್ಟು ಡೆಲ್ಫೀನ್‌ಗೆ ಅಪ್ಪನ ಮನೆತನದ ಹೆಸರನ್ನೂ ಬೆಲ್ಜಿಯಂನ ರಾಜಕುಮಾರಿ ಎಂಬ ಪದವಿಯನ್ನೂ ಕೊಟ್ಟಿತು.

"ಆಗ ಅವರಿಗೆ ವಯಸ್ಸೆಷ್ಟು?"

ಐವತ್ತೆರಡು. ಹದಿನೇಳಕ್ಕೆ ಗೊತ್ತಾದದ್ದು ಐವತ್ತೆರಡಕ್ಕೆ ನಿಜವಾಯಿತು. ಸಿಂಹಾಸನದ ಸಾಲಿನಲ್ಲಿ ಜಾಗ ಇಲ್ಲ, ಅದು ಬೇರೆ. ಪದವಿ ಸಿಕ್ಕಿದ್ದಕ್ಕಿಂತ, ಅದೇ ತಿಂಗಳು ಹೊಸ ರಾಜ ಫಿಲಿಪ್ ಈ ಅಕ್ಕನನ್ನೋ ತಂಗಿಯನ್ನೋ ಮನೆಗೆ ಕರೆದು ಮಾತಾಡಿಸಿದರಲ್ಲ, ಅದು ನನಗೆ ಇಷ್ಟವಾಯಿತು. (ತಂಗಿ. ಲೆಕ್ಕ ಹಾಕಿ ನೋಡಿದೆ, ಫಿಲಿಪ್ ಹುಟ್ಟಿದ್ದು 1960ರಲ್ಲಿ.)

ಮಗಳ ಮುಖ ಸಣ್ಣದಾಯಿತು. ಇವಳಿಗೆ ಸಾರೋಟೇ ಬೇಕು. ಸರಿ, ಸಾರೋಟು, ಕಿರೀಟ ಎರಡೂ ಇರುವವಳ ಕಥೆಗೆ ಹೋದೆ.

ವಿಕ್ಟೋರಿಯಾ ಸಾಮಾನ್ಯ ಹುಡುಗಿಯಲ್ಲ, ಒಪ್ಪಿದೆ. ಹುಟ್ಟಿದ್ದೇ ಲಂಡನ್ನಿನ ಕೆನ್ಸಿಂಗ್ಟನ್ ಅರಮನೆಯಲ್ಲಿ, 1819ರಲ್ಲಿ. ಆದರೆ ಮುಂದಿನ ರಾಣಿ ತಾನೇ ಆಗಬಹುದು ಎಂಬುದನ್ನು ಅವಳಿಗೆ ಬಿಡಿಸಿ ಹೇಳಿರಲಿಲ್ಲ. ಅವಳಿಗೆ ಇನ್ನೂ ಹನ್ನೊಂದು ತುಂಬಿರಲಿಲ್ಲ, 1830ರ ಮಾರ್ಚ್. ಪಾಠ ಹೇಳಲು ಮನೆಯಲ್ಲೇ ಇದ್ದ ಲೆಹ್ಜೆನ್ ಎಂಬಾಕೆ ಅವಳ ಇತಿಹಾಸದ ಪುಸ್ತಕದೊಳಗೆ ರಾಜವಂಶದ ಪಟ್ಟಿಯ ಒಂದು ಹಾಳೆ ಸಿಕ್ಕಿಸಿಟ್ಟಳು. ಹುಡುಗಿ ಪುಸ್ತಕ ತೆರೆದಳು. ಈ ಹಾಳೆ ಮೊದಲು ಇರಲಿಲ್ಲವಲ್ಲ ಎಂದಳು. ಒಂದೊಂದೇ ಹೆಸರು ಓದುತ್ತ ಬಂದಳು. ದೊಡ್ಡಪ್ಪಂದಿರಿಗೆ ಪಟ್ಟದ ಹಕ್ಕಿರುವ ಮಕ್ಕಳು ಯಾರೂ ಬದುಕಿಲ್ಲ. ಬೆರಳು ಬಂದು ನಿಂತದ್ದು ತನ್ನ ಹೆಸರಿನ ಮೇಲೆ.

ನಾನು ಒಳ್ಳೆಯವಳಾಗಿರುತ್ತೇನೆ ಎಂದಳಂತೆ. ಈ ಮಾತನ್ನು ಮಕ್ಕಳ ಪುಸ್ತಕಗಳಲ್ಲೆಲ್ಲ ಹಾಕುತ್ತಾರೆ. ಇದು ಲೆಹ್ಜೆನ್ ಎಷ್ಟೋ ವರ್ಷಗಳ ಮೇಲೆ ನೆನಪಿನಿಂದ ಬರೆದದ್ದು. ಅದನ್ನು ಓದಿದ ವಿಕ್ಟೋರಿಯಾ ಪಕ್ಕದಲ್ಲಿ ತಾನೇ ಒಂದು ಟಿಪ್ಪಣಿ ಹಾಕಿದಳು, ವಿಷಯ ತಿಳಿದು ನಾನು ತುಂಬಾ ಅತ್ತೆ ಎಂದು. ಅದನ್ನು ಮಾತ್ರ ಅಷ್ಟಾಗಿ ಯಾರೂ ಹೇಳುವುದಿಲ್ಲ. ನನಗೆ ಆ ಅಳುವೇ ಜಾಸ್ತಿ ನಂಬಿಕೆಗೆ ಅರ್ಹ ಅನ್ನಿಸುತ್ತದೆ. ಹತ್ತು ವರ್ಷದ ಮಗು ಇನ್ನೇನು ಮಾಡುತ್ತೆ?

ಅವಳ ದಿನಚರಿ ಕೇಳಿದರೆ ಯಾರೂ ರಾಜಕುಮಾರಿಯಾಗಲು ಅರ್ಜಿ ಹಾಕುವುದಿಲ್ಲ. ತಾಯಿಯೂ, ತಾಯಿಯ ಮನೆವಾರ್ತೆ ನೋಡುತ್ತಿದ್ದ ಜಾನ್ ಕಾನ್ರಾಯ್ ಎಂಬವನೂ ಸೇರಿ ಒಂದು ಕಟ್ಟುಪಾಡು ಮಾಡಿದ್ದರು. ಹುಡುಗಿ ಒಬ್ಬಳೇ ಇರುವ ಹಾಗಿಲ್ಲ. ಮಲಗುವುದು ತಾಯಿಯ ಕೋಣೆಯಲ್ಲೇ. ಯಾರದಾದರೂ ಕೈ ಹಿಡಿದುಕೊಳ್ಳದೆ ಮೆಟ್ಟಿಲು ಇಳಿಯುವ ಹಾಗಿಲ್ಲ. ಚಿಕ್ಕ ಮಗುವಿಗಷ್ಟೇ ಅಲ್ಲ ಈ ನಿಯಮ, ಹದಿನೇಳು ಹದಿನೆಂಟರ ಹುಡುಗಿಗೂ. ಯೋಚನೆ ಮಾಡಿ, ಇಡೀ ಅರಮನೆ ನಿಮ್ಮದು, ಆದರೆ ಮೇಲಿನಿಂದ ಕೆಳಗೆ ಒಬ್ಬರೇ ಬರುವಂತಿಲ್ಲ.

1837ರ ಜೂನ್ 20, ಬೆಳಗ್ಗೆ ಆರು ಗಂಟೆ. ತಾಯಿ ಎಬ್ಬಿಸಿದರು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪೂ ಇನ್ನೊಬ್ಬ ಅಧಿಕಾರಿಯೂ ಬಂದು ಕಾಯುತ್ತಿದ್ದಾರೆ ಎಂದರು. ಹದಿನೆಂಟು ತುಂಬಿ ತಿಂಗಳೂ ಆಗಿರಲಿಲ್ಲ. ರಾತ್ರಿಯ ಉಡುಪಿನ ಮೇಲೆ ಒಂದು ನಿಲುವಂಗಿ ಹಾಕಿಕೊಂಡು ಹೋಗಿ ನಿಂತಳು. ದೊಡ್ಡಪ್ಪ ತೀರಿಕೊಂಡರು, ನೀವೇ ಇನ್ನು ರಾಣಿ ಎಂದರು. ಆ ದಿನದ ಡೈರಿಯಲ್ಲಿ ಆ ಕೋಣೆಗೆ ಒಬ್ಬಳೇ ಹೋದೆ, ಅವರನ್ನು ಒಬ್ಬಳೇ ಕಂಡೆ ಎಂದು ಬರೆದುಕೊಂಡಿದ್ದಾಳೆ. ಮಂತ್ರಿಗಳನ್ನೂ ಒಬ್ಬಳೇ ಕಾಣುವುದು. ಒಬ್ಬಳೇ, ಒಬ್ಬಳೇ. ಹೊಸ ಆಟಿಕೆ ಸಿಕ್ಕ ಮಗುವಿನ ಹಾಗೆ ಆ ಪದ ಮತ್ತೆ ಮತ್ತೆ ಬರುತ್ತದೆ.

ಅದೇ ದಿನ ತನ್ನ ಮಂಚವನ್ನು ತಾಯಿಯ ಕೋಣೆಯಿಂದ ಹೊರಗೆ ಹಾಕಿಸಿದಳು.

ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಜೋರಾಗಿ ನಕ್ಕಿದ್ದೆ. ಸಾಮ್ರಾಜ್ಯ ಕೈಗೆ ಬಂದ ದಿನ ಬೇಕಾದದ್ದು ಬೇರೆ ರೂಮು! ನನ್ನ ರಾಜಮುದ್ರೆ, ಸಹಿ, ಹಿಮ್ಮಡಿಯ ಮಚ್ಚೆ ಎಲ್ಲದರ ಹಿಂದೆಯೂ ಇದ್ದದ್ದು ಒಂದು ಚಿಲಕ.

"ಅವಳು ಮೊದಲೇ ಅರಮನೇಲಿ ಇದ್ದವಳು. ಅದು ಲೆಕ್ಕಕ್ಕಿಲ್ಲ" ಎಂದಳು ಮಗಳು. ಜಡ್ಜ್ ಆಗಬೇಕಿತ್ತು ಇವಳು.

ಹಾಗಿದ್ದರೆ ಗೋಪಾಲರಾವ್. ಈಗಿನ ನಾಸಿಕ್ ಜಿಲ್ಲೆಯ ಕವಳಾಣೆ ಎಂಬ ಹಳ್ಳಿಯ ಹುಡುಗ. ಬೇಸಾಯದ ಮನೆ, ಬರೋಡಾದ ಗಾಯಕವಾಡ ರಾಜಮನೆತನಕ್ಕೆ ದೂರದ ಸಂಬಂಧ. 1875ರಲ್ಲಿ ಬ್ರಿಟಿಷರು ಅಲ್ಲಿನ ರಾಜ ಮಲ್ಹಾರರಾವ್‌ನನ್ನು ಪಟ್ಟದಿಂದ ಇಳಿಸಿದರು. ಅವನ ಅಣ್ಣನ ವಿಧವೆ ಜಮನಾಬಾಯಿ ದತ್ತು ತೆಗೆದುಕೊಳ್ಳಲು ವಂಶದ ಹುಡುಗರನ್ನು ಹುಡುಕಿಸಿದಳು. ಕವಳಾಣೆಯಿಂದ ಹೋದ ಹುಡುಗರಲ್ಲಿ ಒಬ್ಬ ಗೋಪಾಲರಾವ್, ಆಗ ಹನ್ನೆರಡು ವರ್ಷ. ಇಲ್ಲಿಗೆ ಯಾಕೆ ಬಂದೆ ಎಂದು ಕೇಳಿದರೆ ಬೇರೆಯವರು ತಡವರಿಸಿದರಂತೆ, ಇವನು ಆಳುವುದಕ್ಕೆ ಎಂದನಂತೆ. ಅಂತೂ ಆರಿಸಿದ್ದು ಇವನನ್ನೇ. ಹೆಸರೂ ಬದಲಾಯಿತು: ಮೂರನೇ ಸಯಾಜಿರಾವ್ ಗಾಯಕವಾಡ.

ಅವನಿಗೆ ಓದು ಬರಹ ಬರುತ್ತಿರಲಿಲ್ಲ. ಸಿಂಹಾಸನದ ಮೇಲೆ ಕೂರಿಸಿದವರು ಮರುಕ್ಷಣವೇ ಪಾಠಕ್ಕೂ ಕೂರಿಸಿದರು. ರಾಜ್ಯ ನಡೆಸಿದ್ದು ದಿವಾನ ಟಿ. ಮಾಧವರಾವ್. ಹುಡುಗನ ಕೈಗೆ ಆಡಳಿತ ಬಂದದ್ದು 1881ರಲ್ಲಿ. ಹನ್ನೆರಡಕ್ಕೆ ಅಕ್ಷರ ಕಲಿತ ಇದೇ ಮನುಷ್ಯ 1906ರಲ್ಲಿ ತನ್ನ ರಾಜ್ಯದಲ್ಲಿ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಉಚಿತ ಮತ್ತು ಕಡ್ಡಾಯ ಮಾಡಿದ. 1913ರಲ್ಲಿ ಅಂಬೇಡ್ಕರ್ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಓದಲು ಹೋದದ್ದು ಬರೋಡಾದ ವಿದ್ಯಾರ್ಥಿವೇತನದಲ್ಲಿ. ಇವನ ಬಗ್ಗೆ ಮಾತು ಶುರು ಮಾಡಿದರೆ ನಾನು ನಿಲ್ಲಿಸುವುದಿಲ್ಲ, ಆದ್ದರಿಂದ ಇಲ್ಲಿಗೇ ಬಿಡುತ್ತೇನೆ.

"ಹುಡುಗ" ಎಂದಳು ಮಗಳು, ಒಂದೇ ಪದದಲ್ಲಿ.

ಸರಿಯಾದ ಮಾತು. ಆ ಹುಡುಕಾಟದ ಪಟ್ಟಿಯಲ್ಲಿ ಹುಡುಗಿಯರು ಇರಲೇ ಇಲ್ಲ. ತಮಾಷೆ ಎಂದರೆ, ಹುಡುಕಿಸಿದ್ದು ಹೆಂಗಸು. ಹಾಳೆಯ ಮೇಲೆ ಬೆರಳಿಟ್ಟು ಅತ್ತ ಹುಡುಗಿ ಆಗ ಬ್ರಿಟನ್ನಿನ ರಾಣಿ.

ನನ್ನ ಕನಸಿಗೆ ಇನ್ನೂ ಒಂದು ತೊಡಕು ಇತ್ತು, ಅದು ತಡವಾಗಿ ಗೊತ್ತಾಯಿತು. 1971ರಲ್ಲೇ ಸಂವಿಧಾನದ 26ನೇ ತಿದ್ದುಪಡಿ ಬಂದು ನಮ್ಮ ದೇಶದ ರಾಜರ ಪದವಿ, ರಾಜಧನ ಎಲ್ಲ ರದ್ದಾಗಿತ್ತು. ನಾನು ಹುಟ್ಟುವುದಕ್ಕೂ ಮೊದಲು. ಅಂದರೆ ಇಲ್ಲದ ಹುದ್ದೆಗೆ ನಾನು ಅಷ್ಟು ವರ್ಷ ಸಹಿ ಅಭ್ಯಾಸ ಮಾಡಿದ್ದೆ.

ಮಗಳನ್ನು ಸಮಾಧಾನ ಮಾಡೋಣ ಎಂದು ಲೆಕ್ಕ ತೋರಿಸಿದೆ. ಅಪ್ಪ ಅಮ್ಮ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಹೀಗೆ ದುಪ್ಪಟ್ಟು ಮಾಡುತ್ತ ಹತ್ತು ತಲೆಮಾರು ಹಿಂದೆ ಹೋದರೆ 1024. ಮೂವತ್ತು ತಲೆಮಾರಿಗೆ 107 ಕೋಟಿ ದಾಟುತ್ತದೆ. ಸುಮಾರು ಏಳುನೂರೈವತ್ತು ವರ್ಷಗಳ ಹಿಂದೆ ಇಡೀ ಭೂಮಿಯ ಮೇಲೇ ಅಷ್ಟು ಜನ ಇರಲಿಲ್ಲ, ಅದರ ಅರ್ಧವೂ ಇರಲಿಲ್ಲ. ಅಂದರೆ ಒಬ್ಬಳೇ ಮುತ್ತಜ್ಜಿ ನೂರಾರು ದಾರಿಯಲ್ಲಿ ನಮ್ಮ ಅಜ್ಜಿಯಾಗಿರುತ್ತಾಳೆ. ಅಷ್ಟು ಜನರಲ್ಲಿ ಎಲ್ಲೋ ಒಬ್ಬ ರಾಜ ಇಲ್ಲದೆ ಇರುತ್ತಾನಾ?

"ಅಂದ್ರೆ ನಮ್ಮ ಕ್ಲಾಸಲ್ಲಿ ಎಲ್ಲರೂ?"

"ಹೆಚ್ಚುಕಡಿಮೆ."

"ಹಾಗಾದ್ರೆ ಬೇಡ ಬಿಡು."

ಆ ರಾತ್ರಿ ನಾನು ಅಮ್ಮನಿಗೆ ಫೋನ್ ಮಾಡಿದೆ. ಇಷ್ಟು ವರ್ಷದಲ್ಲಿ ಕೇಳೇ ಇರಲಿಲ್ಲ. ಕೇಳಿದರೆ ಎಲ್ಲಿ ಉತ್ತರ ಸಿಕ್ಕಿಬಿಡುತ್ತದೋ ಎಂದಿರಬೇಕು. ನನ್ನ ಮೊದಲ ಆರು ತಿಂಗಳ ಫೋಟೊ ಯಾಕೆ ಇಲ್ಲ ಎಂದೆ.

"ತೆಗೆದಿದ್ವಲ್ಲ. ಇಡೀ ರೀಲು ನಿಂದೇ. ಮೂವತ್ತಾರು ಫೋಟೊ" ಎಂದಳು ಅಮ್ಮ. ಹುಟ್ಟಿದ ದಿನದ್ದು, ತೊಟ್ಟಿಲಿಗೆ ಹಾಕಿದ್ದು, ಮೊದಲ ಸಲ ಮಗುಚಿಕೊಂಡದ್ದು, ಎಲ್ಲ ಅದರಲ್ಲಿತ್ತಂತೆ. ಅಮ್ಮನ ತಮ್ಮ, ನಮ್ಮ ಮಾವ, ಕ್ಯಾಮೆರಾ ಕೈಗೆ ತೆಗೆದುಕೊಂಡು, ಇದರಲ್ಲಿ ಇನ್ನೂ ಎಷ್ಟು ಉಳಿದಿದೆ ನೋಡೋಣ ಎಂದು ಹಿಂದಿನ ಮುಚ್ಚಳ ತೆರೆದನಂತೆ. ನಡುಮಧ್ಯಾಹ್ನ, ಬಿಸಿಲಿನಲ್ಲಿ ನಿಂತು. ತೊಳೆಸಿದಾಗ ರೀಲಿನಲ್ಲಿ ಏನೂ ಉಳಿದಿರಲಿಲ್ಲ.

"ಸ್ಟುಡಿಯೋದವನು ಕೊಟ್ಟ ರೀಲನ್ನ ನಾನು ಎರಡು ವರ್ಷ ಬೀರುವಲ್ಲಿ ಇಟ್ಕೊಂಡಿದ್ದೆ" ಎಂದಳು ಅಮ್ಮ. ಆಮೇಲೆ ಪೂರ್ತಿ ಇಪ್ಪತ್ತು ನಿಮಿಷ ತನ್ನ ತಮ್ಮನನ್ನು ಬೈದಳು. ಮುಚ್ಚಳ ತೆರೆದದ್ದಕ್ಕಲ್ಲವಂತೆ. ತೆರೆದು, ನೋಡಿ, ಮುಚ್ಚಿ, ಯಾರಿಗೂ ಹೇಳದೆ ಸುಮ್ಮನೆ ಅಲ್ಲೇ ಇಟ್ಟು ಹೋದದ್ದಕ್ಕೆ.